ನೀರಿನ ಪಾಲು, ಹೂಳಿನ ಪಾಲು

ಊರ ಜಾತ್ರೆಗೆಂದು ಅರಸೀಕೆರೆಯ ಕಡೆಗೆ ಬಂದಿದ್ದ ವಯೋವೃದ್ಧರಾದ ಮೇಷ್ಟರೊಬ್ಬರನ್ನು ಬೇಲೂರಿನಲ್ಲಿರುವ ಅವರ ಮಗಳ ಮನೆಗೆ ಮುಟ್ಟಿಸಿಬರಲು, ಹಿಂದೆ ಅವರಲ್ಲಿ ಓದಿದ ರೈತನೊಬ್ಬನು ಜೊತೆಗೆ ಹೊರಟಿದ್ದನು. ಜಾವಗಲ್ಲಿನ ಮಾರ್ಗವಾಗಿ ಹಳೇಬೀಡನ್ನು ತಲಪುವ ವೇಳೆಗೆ ಸೂರ್ಯನು ನೆತ್ತಿಯನ್ನು ದಾಟಿದ್ದನು. ಹೊಯ್ಸಳೇಶ್ವರನ ಗುಡಿಯನ್ನು ಸುತ್ತಿಬಂದ ಇಬ್ಬರೂ ಬಿಸಿಲು ತುಸು ಇಳಿಯಲೆಂದು ಕೆರೆಯ ಏರಿಯ ಬಳಿ ಒಂದು ಮರದ ನೆರಳನ್ನು ಆಶ್ರಯಿಸಿದರು. ಅದು ವೈಶಾಖ ಮಾಸ. ನೀರು ದಡವನ್ನು ಬಿಟ್ಟು ಒಳಗೊಳಗೆ ಸರಿದಿತ್ತು. ಅದು ಬಿಟ್ಟುಹೋದ ನೆಲದಲ್ಲಿ ಹೂಳು ಒಣಗಿ ಬಿರುಕು ಬಿಟ್ಟಿತ್ತು. ಅಲ್ಲಿ ಅವರ ನಡುವೆ ನಡೆದ ಮಾತು ಹೀಗಿದೆ.

ರೈತ: ಗುಡಿಯೊಳಗೆ ಆ ಮಾರ್ಗದರ್ಶಿ ಹೇಳುತ್ತಿದ್ದುದನ್ನು ಕೇಳಿದಿರಾ ಮೇಷ್ಟರೆ? ಕಲ್ಲು ಯಾವುದು, ಕೆತ್ತಿದವರು ಯಾರು, ಆನೆಯ ಸಾಲಿನ ಮೇಲೆ ಸಿಂಹದ ಸಾಲು ಏಕೆ ಎಂದು ಅರ್ಧ ಗಂಟೆ ವರ್ಣಿಸಿದನು. ಕೂಗಳತೆಯಲ್ಲಿರುವ ಈ ಕೆರೆಯ ಮಾತನ್ನು ಮಾತ್ರ ಒಮ್ಮೆಯೂ ಎತ್ತಲಿಲ್ಲ.

ಮೇಷ್ಟರು: ಅವನನ್ನು ದೂರಬೇಡ ಕಣಪ್ಪ. ಗುಡಿಗೆ ಕಥೆಯುಂಟು, ಕೆರೆಗೆ ಕೆಲಸ ಮಾತ್ರ ಉಂಟು. ಲೋಕವು ಕಥೆಯನ್ನು ಕೇಳುವುದಕ್ಕೆ ಬರುತ್ತದೆಯೇ ಹೊರತು ಕೆಲಸವನ್ನು ನೋಡುವುದಕ್ಕಲ್ಲ. ಆದರೂ ಹೆಸರುಗಳನ್ನು ವಿಚಾರಮಾಡಿ ನೋಡು. ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ, ಈ ಮಹಾಲಯದ ಕೆಲಸ ಆರಂಭವಾಯಿತೆನ್ನುತ್ತಾರೆ. ಆದರೆ ರಾಜಧಾನಿಗೆ ದೋರಸಮುದ್ರವೆಂಬ ನಾಮಧೇಯ ಬಂದದ್ದು ದೇವರಿಂದಲ್ಲ, ದೊರೆಯಿಂದಲ್ಲ, ನಮ್ಮೆದುರಿಗಿರುವ ಈ ನೀರಿನಿಂದ. ನಿಮ್ಮ ಅರಸೀಕೆರೆಯಾದರೂ ಏನು? ಹದಿನಾರು ಮೂಲೆಗಳ ನಕ್ಷತ್ರದಂತೆ ಹರಡಿದ ಮಂಟಪವುಳ್ಳ, 1220ರ ಸುಮಾರಿನ ಆ ಅಪೂರ್ವ ಶಿವಾಲಯ ಅಲ್ಲಿರುವಾಗಲೂ ಊರು ತನ್ನನ್ನು ಅರಸಿಯೊಬ್ಬಳ ಕೆರೆಯೆಂದೇ ಕರೆದುಕೊಂಡಿತು. ಬೇಲೂರಿನ ಚೆನ್ನಕೇಶವನು 1117ರಲ್ಲಿ ನೆಲೆಗೊಂಡುದೂ ಯಗಚಿಯ ಮಗ್ಗುಲಲ್ಲಿಯೇ. ಮೂರು ಊರುಗಳಲ್ಲಿ ಎರಡಕ್ಕೆ ಕೆರೆಯ ಹೆಸರು, ಮೂರನೆಯದಕ್ಕೆ ಹೊಳೆಯ ಆಸರೆ.

ರೈತ: ಹೆಸರಿನಲ್ಲಿ ಕೆರೆ ಉಳಿದಿದೆ, ಕೆರೆಯಲ್ಲಿ ನೀರು ಉಳಿಯಬೇಕಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಈಗ ಭರಣಿ ಯಾವುದು, ಸ್ವಾತಿ ಯಾವುದು ಎಂಬುದು ಮಳೆಗೇ ಮರೆತುಹೋಗಿದೆ. ರಾಗಿ ಬಿತ್ತುವ ಹೊತ್ತಿಗೆ ಆಕಾಶ ಬೆಳ್ಳಗಿರುತ್ತದೆ. ಕೊಯ್ದು ಮೆದೆ ಹಾಕುವ ಹೊತ್ತಿಗೆ ಕಪ್ಪಿಡುತ್ತದೆ. 2016-17ರ ಬರದಲ್ಲಿ ನಮ್ಮ ಸೀಮೆಯ ತೆಂಗುಗಳು ಗರಿ ಜೋತು, ಸುಳಿ ಒಣಗಿ, ಕಂಬಗಳಂತೆ ನಿಂತುದನ್ನು ನೀವೇ ಕಂಡಿದ್ದೀರಿ. 2023ರಲ್ಲಿ ಸರ್ಕಾರವು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು. ಇನ್ನುಳಿದುದು ಎಷ್ಟು ಮಹಾ! ಇಷ್ಟೆಲ್ಲ ಆದ ಮೇಲೆ ಮೊನ್ನೆ ಜಾತ್ರೆಯ ವೇದಿಕೆಯನ್ನೇರಿದ ಒಬ್ಬ ಉಪನ್ಯಾಸಕರು, ಹವಾಮಾನ ಕೆಡುತ್ತಿದೆ, ಪ್ರತಿಯೊಬ್ಬನೂ ತನ್ನ ಹೊಣೆಯನ್ನು ಅರಿಯಬೇಕು ಎಂದು ಮುಕ್ಕಾಲು ಗಂಟೆ ಉಪದೇಶಿಸಿದರು. ಅವರ ಕಾರು ಮಾತ್ರ ಹಿಂದುಗಡೆ ಅಷ್ಟು ಹೊತ್ತೂ ಗುರುಗುಟ್ಟುತ್ತಲೇ ಇತ್ತು. ಚಾಲಕನು ಒಳಗೆ ತಣ್ಣಗೆ ಕುಳಿತಿದ್ದನು. ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು.

ಮೇಷ್ಟರು: ನಗುವಿಗೆ ಕಾರಣ ಕಾರೆಂದು ತಿಳಿಯಿತು. ಸಿಟ್ಟಿಗೆ ಕಾರಣವೇನು?

ರೈತ: ಲೆಕ್ಕ, ಮೇಷ್ಟರೆ, ನೀವೇ ಕಲಿಸಿದ ಲೆಕ್ಕ. ಭಾರತೀಯನೊಬ್ಬನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ನು ಇಂಗಾಲದ ಡೈಆಕ್ಸೈಡ್ ಬರುತ್ತದೆಯಂತೆ. ಅಮೆರಿಕದವನ ಪಾಲಿಗೆ ಸುಮಾರು 14. ಆ ಎರಡು ಟನ್ನೂ ಸರಾಸರಿಯ ಮಾತು. ಎಮ್ಮೆ ಕಟ್ಟಿಕೊಂಡು, ಬಸ್ಸಿನಲ್ಲಿ ಓಡಾಡಿಕೊಂಡು, ಸೌದೆಯ ಒಲೆಗೆ ಹೆಡೆಮಟ್ಟೆ ಉರಿಸುವ ನಮ್ಮಂಥವರದು ಅದರಲ್ಲಿ ಎಷ್ಟು? ಬೆಂಕಿ ಹಚ್ಚಿದವನು ಎಲ್ಲಿಯೋ ಇದ್ದಾನೆ. ಬೂದಿ ಬೀಳುವುದು ನಮ್ಮ ತಲೆಯ ಮೇಲೆ. ಗುಡಿಸುವ ಹೊಣೆಯೂ ನಮ್ಮದೇ ಎಂದರೆ ಸಿಟ್ಟು ಬಾರದೆ? ನೀವು ಏಳನೆಯ ತರಗತಿಯಲ್ಲಿ ‘ಕೆರೆಗೆ ಹಾರ’ ಪದವನ್ನು ಪಾಠ ಹೇಳಿದಿರಿ. ಕೆರೆ ಕಟ್ಟಿಸಿದವನು ಊರ ಗೌಡ, ಬಲಿ ಕೇಳಿದುದು ಜೋಯಿಸರ ಪಂಚಾಂಗ, ಸುಮ್ಮನಿದ್ದವರು ಮನೆಮಂದಿಯೆಲ್ಲ. ಕೆರೆಗೆ ಹೋದವಳು ಮಾತ್ರ ಕಿರಿಯ ಸೊಸೆ ಭಾಗೀರಥಿ. ವೈಯಕ್ತಿಕ ಹೊಣೆ ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಅವಳ ನೆನಪಾಗುತ್ತದೆ. ದೊಡ್ಡವರ ಕೆರೆಗೆ ಚಿಕ್ಕವರ ಹಾರ.

ಮೇಷ್ಟರು: ನಾನು ಪಾಠ ಹೇಳಿದುದು ವ್ಯರ್ಥವಾಗಲಿಲ್ಲವೆಂದು ಸಂತೋಷಪಡುವಂತಾಯಿತು. ನಿನ್ನ ಲೆಕ್ಕವೂ ಸರಿ, ಸಿಟ್ಟೂ ಸರಿ. ಆದರೆ ಆ ಪದದ ಕೊನೆಯನ್ನು ಮರೆಯಬೇಡ. ಭಾಗೀರಥಿ ಹೋದಳು, ಕೆರೆ ತುಂಬಿತು. ಅಷ್ಟಕ್ಕೇ ಕಥೆ ನಿಲ್ಲಲಿಲ್ಲ, ದಂಡಿನಿಂದ ಬಂದ ಗಂಡನೂ ಸುದ್ದಿ ತಿಳಿದು ಅದೇ ನೀರಿಗೆ ಹಾರಿದನು. ತಮ್ಮ ಪಾಲನ್ನು ಮತ್ತೊಬ್ಬರ ಕೊರಳಿಗೆ ಕಟ್ಟಿ ತುಂಬಿಸಿದ ಕೆರೆಯಿಂದ ಆ ಮನೆಯವರಿಗೂ ಸುಖವಾಗಲಿಲ್ಲವೆಂಬುದು ಹಾಡು ಕಟ್ಟಿದವರಿಗೆ ತಿಳಿದಿತ್ತು. ಈಗ ನನ್ನ ಪ್ರಶ್ನೆ ಇದು: ಭಾಗೀರಥಿಯು ತೆತ್ತುದನ್ನು ಹೊಣೆಯೆಂದು ಕರೆಯಬಹುದೆ? ಅದು ದಂಡ. ಮಾಡದ ತಪ್ಪಿಗೆ ತೆತ್ತ ದಂಡ. ಹೊಣೆಯೆಂಬುದು ಬೇರೆ ಜಾತಿಯ ವಸ್ತು. ತಪ್ಪು ಮಾಡಿದವನಿಗೆ ದಂಡ. ಪಾಲು ಪಡೆದವನಿಗೆ ಹೊಣೆ. ನಿನ್ನ ಉಪನ್ಯಾಸಕರು ಇವೆರಡನ್ನೂ ಒಂದೇ ಗೋಣಿಯಲ್ಲಿ ತುಂಬಿ ನಿನ್ನ ಹೆಗಲಿಗೆ ಹೊರಿಸಿದರು. ನೀನಾದರೋ ದಂಡವನ್ನು ಒಲ್ಲೆನೆಂದು ಇಡೀ ಗೋಣಿಯನ್ನೇ ಕೆಳಕ್ಕೆ ಎಸೆಯುತ್ತಿದ್ದೀಯೆ.

ರೈತ: ಪಾಲು ಎಂದರೆ ಯಾವ ಪಾಲು?

ಮೇಷ್ಟರು: ಎದುರಿಗೆ ಕಾಣುತ್ತಿದೆಯಲ್ಲ, ನೀರೂ ಹೂಳೂ ಒಟ್ಟಿಗೆ. ಮಳೆಯು ಗುಡ್ಡದಿಂದ ನೀರನ್ನಷ್ಟೇ ತರುವುದಿಲ್ಲ, ಮಣ್ಣನ್ನೂ ತರುತ್ತದೆ; ಆದಕಾರಣ ಕೆರೆಯೆಂಬುದು ಕಟ್ಟಿ ಮುಗಿಸಿದೆವೆಂದು ಕೈತೊಳೆದುಕೊಳ್ಳುವ ಕಾರ್ಯವಲ್ಲ, ಪ್ರತಿವರ್ಷವೂ ಕಟ್ಟುತ್ತಿರಬೇಕಾದ ಕಾರ್ಯ. ಇದನ್ನು ನಮ್ಮ ಹಿಂದಿನವರು ಚೆನ್ನಾಗಿ ಬಲ್ಲರು. ಕೆರೆಯ ಕೆಳಗಿನ ಭೂಮಿಯಲ್ಲಿ ಒಂದು ಭಾಗವನ್ನು ‘ಬಿತ್ತುವಟ್ಟ’ವೆಂದು ಕೆರೆಯ ಸಲುವಾಗಿಯೇ ತೆಗೆದಿಟ್ಟುದನ್ನು ಶಾಸನಗಳು ಹೇಳುತ್ತವೆ, ಹೂಳು ಹೊರುವ ಬಂಡಿಯನ್ನು ನಡೆಯಿಸುವುದಕ್ಕೆಂದು ದತ್ತಿ ಬಿಟ್ಟ ಶಾಸನಗಳೂ ಕನ್ನಡ ನಾಡಿನಲ್ಲುಂಟು. ಗುಡಿಯ ದೀಪಕ್ಕೆ ಎಣ್ಣೆಯನ್ನು ಬಿಟ್ಟವರೇ ಹೂಳಿನ ಗಾಡಿಗೂ ಭೂಮಿಯನ್ನು ಬಿಟ್ಟರೆಂಬುದನ್ನು ನಾನು ಬಹಳ ದೊಡ್ಡ ಸಂಗತಿಯೆಂದು ಎಣಿಸುತ್ತೇನೆ. ಶಾಸನ ಬರೆಯದ ಊರುಗಳಲ್ಲಿಯೂ ಬೇಸಿಗೆಯಲ್ಲಿ ಕೆರೆಯ ಗೋಡನ್ನು ಹೊಡೆದು ಹೊಲಕ್ಕೆ ಹಾಕಿಕೊಳ್ಳುವ ರೂಢಿ ನಿನ್ನ ತಂದೆಯ ಕಾಲದವರೆಗೂ ಇತ್ತು. ಕೆರೆಯ ಹೂಳು ಹೋಯಿತು, ಹೊಲಕ್ಕೆ ಗೊಬ್ಬರ ಬಂತು. ಯಾರ ಗದ್ದೆಗೆ ತೂಬಿನ ನೀರು ಹರಿಯುತ್ತಿತ್ತೋ ಅವರ ಮನೆಯಿಂದ ಏರಿಯ ಕೆಲಸಕ್ಕೆ ಒಂದಾಳು. ನೀರಿನಲ್ಲಿ ಪಾಲುಂಟೆಂದರೆ ಹೂಳಿನಲ್ಲಿಯೂ ಪಾಲುಂಟು. ಒಂದನ್ನು ಬಿಟ್ಟು ಒಂದನ್ನು ಹಿಡಿಯುವಂತಿರಲಿಲ್ಲ. ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು 1866ರಲ್ಲಿ ಈ ಸೀಮೆಯ ಕೆರೆಗಳ ಸರಣಿಯನ್ನು ನೋಡಿ, ಇಲ್ಲಿ ಹೊಸದೊಂದು ಕೆರೆಗೆ ತಾವು ಹುಡುಕಬೇಕಾದರೆ ಜಾಣತನವೇ ಬೇಕೆಂಬ ಅರ್ಥದ ಮಾತನ್ನು ಬರೆದರು. ಒಂದು ಕೆರೆಯ ಕೋಡಿ ಬಿದ್ದರೆ ಅದರ ನೀರು ಮುಂದಿನ ಕೆರೆಗೆ. ಅದು ತುಂಬಿದರೆ ಅದರ ಮುಂದಿನದಕ್ಕೆ.

ರೈತ: ಮೇಷ್ಟರೆ, ನಿಮ್ಮ ಮಾತಿಗೆ ಅಡ್ಡ ಬರುತ್ತೇನೆ, ಕ್ಷಮಿಸಬೇಕು. ಹಿಂದಿನದೆಲ್ಲ ಚಿನ್ನವೆಂದು ನನಗೆ ತೋರುವುದಿಲ್ಲ. ನಮ್ಮೂರಿನ ನೀರುಗಂಟಿಯ ಮನೆತನವನ್ನು ನೀವೂ ಬಲ್ಲಿರಿ. ಅಡ್ಡಮಳೆ ಹೊಡೆಯುವ ರಾತ್ರಿ, ಏರಿಯಲ್ಲಿ ಬಿಲ ಬಿದ್ದಿದೆಯೇ ಎಂದು ಲಾಟೀನು ಹಿಡಿದು ನಡೆದವನು ಅವನು. ತೂಬಿನ ಆಳಕ್ಕೆ ಉಸಿರು ಕಟ್ಟಿ ಮುಳುಗಿದವನು ಅವನು. ಅವನಿಗೆ ದೊರೆತುದು ಸುಗ್ಗಿಯ ಕಣದಲ್ಲಿ ಒಂದು ಮೊರ ಭತ್ತ. ಕೆರೆ ತುಂಬಿದ ದಿನ ಊರವರೆಲ್ಲ ಗಂಗಾಪೂಜೆ ಮಾಡುವಾಗ ಅವನು ದೂರದಲ್ಲಿ ನಿಲ್ಲಬೇಕಾಗಿತ್ತು. ಆ ಕೆರೆಯ ನೀರಿನಿಂದ ಅಭಿಷೇಕಗೊಂಡ ದೇವರ ಗುಡಿಯ ಬಾಗಿಲು ಅವನ ಪಾಲಿಗೆ ತೆರೆಯಲಿಲ್ಲ. ಹೂಳಿನ ಪಾಲು ಅವನಿಗೆ, ನೀರಿನ ಪಾಲು ನಮಗೆ. ನಿಮ್ಮ ಸೂತ್ರ ಅಂದೇ ಮುರಿದಿತ್ತು.

ಮೇಷ್ಟರು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಮುರಿದಿತ್ತು. ಒಪ್ಪಿಕೊಂಡೆ. ನಾನು ಹೇಳಿದುದು ಏರಿಯ ಮೇಲೆ ನಿಂತವನ ಮಾತು, ನೀನು ಹೇಳಿದುದು ತೂಬಿನೊಳಗೆ ಇಳಿದವನ ಮಾತು. ಆದರೆ ನೋಡು, ನಿನ್ನ ಆಕ್ಷೇಪಣೆಯಿಂದ ಸೂತ್ರ ಸುಳ್ಳಾಗಲಿಲ್ಲ; ಇನ್ನೂ ಗಟ್ಟಿಯಾಯಿತು. ನೀರಿನ ಪಾಲನ್ನೂ ಹೂಳಿನ ಪಾಲನ್ನೂ ಬೇರ್ಪಡಿಸಿದ ಕಡೆಯಲ್ಲೆಲ್ಲ ಅನ್ಯಾಯ ಹುಟ್ಟುತ್ತದೆ. ಊರಿನಲ್ಲಿ ಬೇರ್ಪಡಿಸಿದರೆ ಊರಿನ ಅನ್ಯಾಯ, ಲೋಕದಲ್ಲಿ ಬೇರ್ಪಡಿಸಿದರೆ ಲೋಕದ ಅನ್ಯಾಯ. ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲಿನಷ್ಟಿದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ಮೀರಿದೆ. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿದ ಸುಖವು ಕೆಲವು ದೇಶಗಳ, ಕೆಲವು ಮನೆಗಳ ಪಾಲಾಯಿತು. ಅದರ ಹೂಳು ಆಕಾಶವೆಂಬ ಒಂದೇ ಕೆರೆಯಲ್ಲಿ ಎಲ್ಲರಿಗಾಗಿ ನಿಂತಿತು. 2024ನೆಯ ವರ್ಷದ ಸರಾಸರಿ ಉಷ್ಣತೆಯು ಯಂತ್ರಯುಗಕ್ಕೆ ಹಿಂದಿನದಕ್ಕಿಂತ ಒಂದೂವರೆ ಡಿಗ್ರಿಯನ್ನು ದಾಟಿತು. ಅಮೆರಿಕದವನ 14 ಟನ್ನನ್ನು ಕುರಿತು ನೀನು ನುಡಿದುದೂ ಇದೇ ದೂರು, ನೀರುಗಂಟಿಯ ದೂರು. ಅದನ್ನು ನೀನು ಬಿಡಬೇಕಾಗಿಲ್ಲ, ಕೂಗಿ ಹೇಳಬೇಕು. ಆದರೆ ನೀರುಗಂಟಿಯ ಪಕ್ಷವನ್ನು ಹಿಡಿದು ಮಾತಾಡುವವನು ತನ್ನ ಊರಿನಲ್ಲಿ ತಾನು ಯಾವ ಜಾಗದಲ್ಲಿ ನಿಂತಿದ್ದೇನೆಂಬುದನ್ನೂ ನೋಡಿಕೊಳ್ಳಬೇಕಷ್ಟೆ. ನಿನ್ನ ತೋಟದಲ್ಲಿ ಕೊಳವೆಬಾವಿಗಳೆಷ್ಟು?

ರೈತ: ನಾಲ್ಕು. ನೀರಿರುವುದು ಒಂದರಲ್ಲಿ.

ಮೇಷ್ಟರು: ಆಳ?

ರೈತ: ಮೊದಲನೆಯದು ಇನ್ನೂರಡಿ, ಅಪ್ಪ ತೆಗೆಸಿದುದು. ಕೊನೆಯದು ಸಾವಿರದ ನೂರು. ಕೇಳುವುದಕ್ಕೆ ಸುಲಭ, ಮೇಷ್ಟರೆ. ಆದರೆ ನಾನು ನೀರೆತ್ತುವುದನ್ನು ನಿಲ್ಲಿಸಿದರೆ ಆಗುವುದೇನು? ಭೂಮಿಯ ಒಳಗೆ ಬದುಗಳಿಲ್ಲ. ನಾನು ಬಿಟ್ಟ ನೀರನ್ನು ಪಕ್ಕದ ತೋಟದವನು ಎತ್ತುತ್ತಾನೆ. ನನ್ನ ಮರ ಒಣಗುತ್ತದೆ, ಅವನ ಅಟ್ಟದಲ್ಲಿ ಕೊಬ್ಬರಿ ತುಂಬುತ್ತದೆ. ಒಬ್ಬನ ತ್ಯಾಗ ಮತ್ತೊಬ್ಬನ ಲಾಭವಾಗುವುದಾದರೆ ಅದನ್ನು ಧರ್ಮವೆನ್ನುವುದು ಹೇಗೆ?

ಮೇಷ್ಟರು: ಧರ್ಮವೆನ್ನಲಾರೆ, ದಡ್ಡತನವೆನ್ನಬಹುದು. ನಿಲ್ಲಿಸು ಎಂದು ನಾನು ಹೇಳಲೂ ಇಲ್ಲ. ಕೊಳವೆಬಾವಿ ಮಾಡಿದ ಕೇಡು ನೀರನ್ನು ಎತ್ತಿದುದಷ್ಟೇ ಅಲ್ಲ, ಇದನ್ನು ಗಮನಿಸು. ಕೆರೆ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ನೀರು ತೂಬಿನ ಕಲ್ಲಿಗಿಂತ ಕೆಳಗಿಳಿದರೆ ಊರಿಗೆ ಊರೇ ಕೂಡಿ, ಈ ವರ್ಷ ಭತ್ತ ಬೇಡ, ರಾಗಿ ಸಾಕು ಎಂದು ತೀರ್ಮಾನಿಸಬಹುದಾಗಿತ್ತು. ಕೊಳವೆಬಾವಿಯಾದರೋ ನೀರನ್ನು ಕಣ್ಣಿನಿಂದ ಮರೆಮಾಡಿತು. ಸಮುದಾಯದ ನೀರು ಒಬ್ಬೊಬ್ಬನ ಸ್ವಿಚ್ಚಿನ ನೀರಾಯಿತು. ಹೂಳೆಂಬ ಮಾತೇ ಹೊರಟುಹೋಯಿತು. ಕಾಣದ ನೀರಿಗೆ ಪಂಚಾಯಿತಿ ಕೂಡಿಸುವವರು ಯಾರು? ಅಂತರ್ಜಲವನ್ನು ಮಿತಿಮೀರಿ ಎತ್ತಿದ ತಾಲ್ಲೂಕುಗಳ ಪಟ್ಟಿಯಲ್ಲಿ ಅರಸೀಕೆರೆಯ ಹೆಸರು ಸೇರಿದ್ದು ಯಾವನೋ ಒಬ್ಬ ದುಷ್ಟನಿಂದಲ್ಲ. ಪ್ರತಿಯೊಬ್ಬನೂ ನಿನ್ನಂತೆ ಸರಿಯಾಗಿಯೇ ಲೆಕ್ಕ ಹಾಕಿದುದರಿಂದ. ಆದ್ದರಿಂದ ಇಂದಿನ ಹೊಣೆಯು ಒಬ್ಬನೇ ಕುಳಿತು ಉಪವಾಸ ಮಾಡುವುದಲ್ಲ. ಕಳೆದುಹೋದ ಪಾಲುದಾರರನ್ನು ಮತ್ತೆ ಕೂಡಿಸುವುದು. ವೈಯಕ್ತಿಕವಾದುದು ಇಷ್ಟೇ: ಆ ಕೂಟಕ್ಕೆ ಮೊದಲು ಬಂದು ಕಂಬಳಿ ಹಾಸಿ ಕುಳಿತುಕೊಳ್ಳುವವನು ಯಾವನಾದರೂ ಒಬ್ಬನಾಗಲೇ ಬೇಕು.

ರೈತ: ಮಳೆಯೇ ಹದಗೆಟ್ಟಿರುವಾಗ ಕೂಡಿ ಕುಳಿತು ಮಾಡುವುದೇನು? ಬಾರದ ಮಳೆಗೆ ಪಾಲು ಹಂಚಿಕೊಳ್ಳುವುದೆ?

ಮೇಷ್ಟರು: ಬಾರದಿರುವುದು ಅರ್ಧ ಮಾತ್ರ. ಬಿಸಿಯೇರಿದ ಗಾಳಿಯ ಸ್ವಭಾವವೇ ಬೇರೆ. ಒಂದು ಡಿಗ್ರಿ ಹೆಚ್ಚಿದರೆ ಅದು ನೂರಕ್ಕೆ ಸುಮಾರು ಏಳರಷ್ಟು ಹೆಚ್ಚು ತೇವವನ್ನು ಹಿಡಿದುಕೊಳ್ಳಬಲ್ಲುದು. ಕೃಪಣನ ಕೈಯಂತೆ ಬಹುದಿನ ಮುಷ್ಟಿ ಬಿಗಿಹಿಡಿದು, ಬಿಚ್ಚಿದ ದಿನ ಒಮ್ಮೆಗೇ ಚೆಲ್ಲಿಬಿಡುತ್ತದೆ. 2018, 2019ರ ಆಗಸ್ಟ್ ತಿಂಗಳುಗಳಲ್ಲಿ ಸಕಲೇಶಪುರದ ಆಚೆ ಶಿರಾಡಿ ಘಟ್ಟದ ದಾರಿ ಕುಸಿದುದು ನೆನಪಿದೆಯಲ್ಲವೆ? ಅತ್ತ ಮಲೆನಾಡಿನಲ್ಲಿ ಗುಡ್ಡ ಜಾರುವಷ್ಟು ಮಳೆ. ಇತ್ತ ಬಯಲುಸೀಮೆಯಲ್ಲಿ ಮೂರು ತಿಂಗಳು ಒಣಗಿಸಿ ಮೂರು ರಾತ್ರಿ ಸುರಿಯುವ ಮಳೆ. ಈಗ ಹೇಳು, ಮೂರು ರಾತ್ರಿಯ ಮಳೆಯನ್ನು ಮೂರು ತಿಂಗಳಿಗೆ ಒದಗಿಸಿಕೊಡಬಲ್ಲ ಸಾಧನ ಯಾವುದು? ಇಂಥ ಮಳೆಗೆ ಹೇಳಿ ಮಾಡಿಸಿದಂಥದು ಕೆರೆಯೇ. ಎಂಟುನೂರು ವರ್ಷಗಳ ಹಿಂದಿನವರು ಹವಾಮಾನಶಾಸ್ತ್ರವನ್ನು ಓದಲಿಲ್ಲ. ಆದರೆ ಮಳೆಯನ್ನು ನಂಬಬಾರದೆಂಬುದನ್ನು ಬಲ್ಲವರಾಗಿದ್ದರು. ನಾವು ಆ ಸಾಧನವನ್ನು ಬಳ್ಳಾರಿ ಜಾಲಿಗೆ ಬಿಟ್ಟುಕೊಟ್ಟು, ಮಳೆಯ ಮೇಲೆ ದೂರು ಹೊರಿಸುತ್ತಿದ್ದೇವೆ.

ರೈತ: ನೀರನ್ನು ಹೊರಗಿನಿಂದಲೂ ತರುತ್ತಿದ್ದಾರಲ್ಲ. ಯಗಚಿಯ ನೀರನ್ನು ರಣಘಟ್ಟದ ಕಡೆಯಿಂದ ಹಳೇಬೀಡಿಗೆ ಹರಿಸಬೇಕೆಂದು ಇಲ್ಲಿಯ ರೈತರು ಎಷ್ಟು ಹೋರಾಡಿದರು! ಎತ್ತಿನಹೊಳೆಯ ಕಾಲುವೆಯಂತೂ ನಮ್ಮ ಜಿಲ್ಲೆಯನ್ನು ಸೀಳಿಕೊಂಡೇ ಹೋಗಿದೆ. 2024ರ ಗೌರಿಹಬ್ಬದ ದಿನ ಸಕಲೇಶಪುರದ ಕಡೆ ಮೊದಲ ಹಂತದ ಪಂಪುಗಳನ್ನು ಚಾಲೂ ಮಾಡಿದರು. ಇಪ್ಪತ್ತಮೂರು ಸಾವಿರ ಕೋಟಿ ರೂಪಾಯಿಗಳ ಯೋಜನೆ, 24 ಟಿಎಂಸಿ ನೀರು ಎಂದು ಹೇಳುತ್ತಾರೆ. ಅಷ್ಟೆಲ್ಲ ನಡೆಯುತ್ತಿರುವಾಗ ನನ್ನೂರಿನ ಕೆರೆಯ ಬುಟ್ಟಿ ಹೂಳು ಯಾವ ಲೆಕ್ಕಕ್ಕೆ?

ಮೇಷ್ಟರು: ಯಗಚಿಯ ನೀರು ದೋರಸಮುದ್ರಕ್ಕೆ ಬರುವುದು ಬೇಡವೆಂದು ನಾನೆನ್ನಲಾರೆ, ಬಾಯಾರಿದವನ ಮುಂದೆ ಯಾವ ತರ್ಕವೂ ನಿಲ್ಲುವುದಿಲ್ಲ. ಆದರೆ ಎತ್ತಿನಹೊಳೆಯ ವಿಷಯದಲ್ಲಿ ಒಂದು ಮಾತು ಕೇಳು. ಪಶ್ಚಿಮಕ್ಕೆ ಹರಿದು ನೇತ್ರಾವತಿಯನ್ನು ಸೇರುವ ಹಳ್ಳಗಳ ನೀರು ಅದು. ಅದನ್ನು ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ ಏರಿಸಿ ಹರಿಸಬೇಕು. ಘಟ್ಟದ ಕಾಡು ಕಡಿದುದು ಸಕಲೇಶಪುರದವರ ಪಾಲಿಗೆ, ಹೊಳೆ ತೆಳುವಾದುದು ಕರಾವಳಿಯವರ ಪಾಲಿಗೆ, ನೀರು ಮತ್ತೊಬ್ಬರ ಪಾಲಿಗೆ. ನೀನು ಬೇಡವೆಂದ ಲೆಕ್ಕವೇ ಅಲ್ಲವೆ ಇದು? ದೂರದಿಂದ ನೀರು ತರುವುದೇ ತಪ್ಪೆಂದಲ್ಲ. ಆ ನೀರು ಬಂದು ಬೀಳುವ ಕೆರೆಯ ಹೂಳನ್ನು ತೆಗೆಯದೆ, ಅದಕ್ಕೆ ಬರುವ ಹಳ್ಳವನ್ನು ಮುಚ್ಚಿಕೊಂಡು, ನಮ್ಮ ಮೇಲೆ ಬಿದ್ದ ಮಳೆಯನ್ನು ಹರಿದುಹೋಗಲು ಬಿಟ್ಟು, ಮತ್ತೊಬ್ಬರ ಕಾಡಿನ ಮಳೆಗೆ ಕೈಚಾಚುವುದು ತಪ್ಪು.

ರೈತ: ನೀವು ಒಪ್ಪಿದರೆ ನಾನೊಂದು ಹಳೆಯ ಲೆಕ್ಕವನ್ನು ತೆಗೆಯುತ್ತೇನೆ. ನಾನು ಐದನೆಯ ತರಗತಿಯಲ್ಲಿದ್ದಾಗ ನೀವು ನಮ್ಮನ್ನೆಲ್ಲ ಸಾಲಾಗಿ ನಡೆಯಿಸಿಕೊಂಡು ಗೋಮಾಳಕ್ಕೆ ಕರೆದೊಯ್ದು ವನಮಹೋತ್ಸವ ಮಾಡಿಸಿದಿರಿ. ನೆಟ್ಟ ಸಸಿ ಯಾವುದೆಂದು ನೆನಪಿದೆಯೆ?

ಮೇಷ್ಟರು: ನೆನಪಿದೆ. ನೀಲಗಿರಿ.

ರೈತ: ನೀಲಗಿರಿ. ಐನೂರು ಸಸಿ. ನಾವು ಹಾಡು ಹೇಳಿಕೊಂಡು ನೆಟ್ಟೆವು. ಊರಿನವರು ನಮಗೆಲ್ಲ ಬೆಲ್ಲ, ಕೊಬ್ಬರಿ ಹಂಚಿದರು. ಹತ್ತು ವರ್ಷಗಳಲ್ಲಿ ಗೋಮಾಳದಲ್ಲಿ ಹುಲ್ಲು ಹೋಯಿತು, ದನಗಳು ಹೋದುವು, ಗೋಮಾಳದ ಕೆಳಗಿನ ಬಾವಿ ಬತ್ತಿತು.

ಮೇಷ್ಟರು: ಆ ಮರದ ನೆರಳಿನಲ್ಲಿ ಹುಲ್ಲೂ ಚಿಗುರದೆಂಬುದನ್ನು ನಾನು ಬಹಳ ವರ್ಷಗಳ ಮೇಲೆ ಅಲ್ಲಿಗೆ ಹೋಗಿ ಕಂಡೆ. ಅಂದು ಸರ್ಕಾರವೇ ಸಾಮಾಜಿಕ ಅರಣ್ಯವೆಂದು ಸಸಿಗಳನ್ನು ಕೊಡುತ್ತಿತ್ತು. ಅದೇ ಸರ್ಕಾರ 2017ರಲ್ಲಿ ನೀಲಗಿರಿಯನ್ನು ಹೊಸದಾಗಿ ಬೆಳೆಯಕೂಡದೆಂದು ಆಜ್ಞೆ ಹೊರಡಿಸಿತು. ಸರ್ಕಾರ ಕೊಟ್ಟಿತು, ನಾನು ನೆಡಿಸಿದೆ ಎಂದು ಹೇಳಿ ನಾನು ಜಾರಿಕೊಳ್ಳಬಹುದು. ಜಾರಿಕೊಳ್ಳಲಾರೆ. ನನ್ನ ತಪ್ಪು ನೀಲಗಿರಿಯನ್ನು ನೆಟ್ಟುದಲ್ಲ. ಆ ವೇಳೆಗೆ ಅದರ ಗುಣವನ್ನು ಬಲ್ಲವರು ನಮ್ಮ ಕಡೆ ವಿರಳ. ನನ್ನ ತಪ್ಪು, ನೆಟ್ಟ ಮೇಲೆ ಹತ್ತು ವರ್ಷ ಅತ್ತ ತಿರುಗಿ ನೋಡದಿದ್ದುದು. ಬೆಲ್ಲ ತಿಂದು, ಚಿತ್ರ ತೆಗೆಸಿಕೊಂಡು, ವರದಿ ಬರೆದು, ನನ್ನ ಹೊಣೆ ಮುಗಿಯಿತೆಂದುಕೊಂಡೆ. ಒಂದು ಬೇಸಿಗೆಯಲ್ಲಿ ಹೋಗಿ ನೋಡಿದ್ದರೆ ಹುಲ್ಲು ಬಾರದಿದ್ದುದು ಕಾಣುತ್ತಿತ್ತು. ಆ ಬಾವಿಗೆ ಬರುತ್ತಿದ್ದ ಹೆಂಗಸರನ್ನು ಕೇಳಿದ್ದರೆ ನೀರಿನ ಮಟ್ಟ ತಿಳಿಯುತ್ತಿತ್ತು.

ರೈತ: ನಿಮ್ಮನ್ನು ನೋಯಿಸಬೇಕೆಂದು ಹೇಳಲಿಲ್ಲ, ಮೇಷ್ಟರೆ.

ಮೇಷ್ಟರು: ನೋವಾಗಲಿಲ್ಲ, ಪಾಠ ತಿರುಗಿ ಬಂತು. ಸಾಲುಮರದ ತಿಮ್ಮಕ್ಕ ಬೇಲೂರಿನಲ್ಲಿ ಕೆಲವು ಕಾಲ ಇದ್ದರಲ್ಲ, ನಾವೆಲ್ಲ ಅವರನ್ನು ಮರ ನೆಟ್ಟ ತಾಯಿಯೆನ್ನುತ್ತೇವೆ. ಅದು ಅರ್ಧ ಸತ್ಯ. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಆಕೆಯೂ ಆಕೆಯ ಗಂಡನೂ ಆಲದ ಗಿಡಗಳನ್ನು ನೆಟ್ಟುದು ಮಳೆಗಾಲದ ಕೆಲವು ದಿನಗಳ ಕೆಲಸ. ಬಿಂದಿಗೆಯಲ್ಲಿ ನೀರು ಹೊತ್ತು ಮತ್ತೆ ಮತ್ತೆ ಅದೇ ಗಿಡದ ಬುಡಕ್ಕೆ ಹೋದುದು ವರ್ಷಗಳ ಕೆಲಸ. ನೆಡುವುದು ಉತ್ಸವ, ತಿರುಗಿ ಹೋಗುವುದು ಹೊಣೆ. ಹಾಗಿದ್ದರೂ 2019ರಲ್ಲಿ ರಸ್ತೆಯ ಅಗಲೀಕರಣದ ಪ್ರಸ್ತಾಪ ಬಂದಾಗ ಆ ಮರಗಳನ್ನು ಉಳಿಸಿಕೊಡಿರೆಂದು ಆಕೆ ಸರ್ಕಾರದ ಬಾಗಿಲಿಗೆ ಹೋಗಿ ಕೇಳಬೇಕಾಯಿತು. ಒಬ್ಬಳ ಬಿಂದಿಗೆಯಿಂದ ಮರ ಬೆಳೆಯಬಹುದು. ಉಳಿಯಬೇಕಾದರೆ ನಾಲ್ಕು ಜನರ ಮಾತೂ ಬೇಕು, ಸರ್ಕಾರದ ಮನಸ್ಸೂ ಬೇಕು. ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಾವು ಕಡೆದ ವಿಗ್ರಹಗಳಲ್ಲಿ ತಮ್ಮ ಹೆಸರುಗಳನ್ನು ಕೊರೆದರು. ಅದು ಯೋಗ್ಯವಾದ ಅಭಿಮಾನವೇ. ಆದರೆ ಆ ಶಿಲ್ಪಿಗಳು ಉಂಡ ಅನ್ನದ ಹಿಂದೆ ಯಾವುದೋ ಕೆರೆಯಿತ್ತು. ಆ ಕೆರೆಯಿಂದ ಹೂಳು ಹೊತ್ತವರು ಬುಟ್ಟಿಯ ಮೇಲೆ ಹೆಸರು ಬರೆಯಲಿಲ್ಲ. ನಾನು ಅಂದು ಗೋಮಾಳದಲ್ಲಿ ಮಾಡಿದುದು ಹೆಸರು ಕೊರೆಯುವ ಕೆಲಸ. ಬುಟ್ಟಿ ಹೊರುವ ಕೆಲಸಕ್ಕೆ ನನಗೆ ಆಗ ಮನಸ್ಸು ಬರಲಿಲ್ಲ.

(ಇಬ್ಬರೂ ಸುಮ್ಮನಾದರು. ಕೆರೆಯ ಒಣಗಿದ ಅಂಚಿನಲ್ಲಿ ಒಬ್ಬ ಹುಡುಗನು ಎಮ್ಮೆಗಳನ್ನು ನೀರಿಗೆ ಇಳಿಸುತ್ತಿದ್ದನು. ಬಿಸಿಲು ಗುಡಿಯ ಬಳಪದ ಕಲ್ಲಿನ ಮೇಲಿಂದ ಸರಿದು ಮರಗಳ ತುದಿಗೆ ಏರಿತ್ತು.)

ರೈತ: ಮೇಷ್ಟರೆ, ನಮ್ಮ ತೋಟದ ಮೂಡಲ ಕಡೆ ಒಂದು ಹಳ್ಳವಿತ್ತು.

ಮೇಷ್ಟರು: ಇತ್ತು. ನೀವು ಹುಡುಗರು ಅಲ್ಲಿ ಏಡಿ ಹಿಡಿಯುತ್ತಿದ್ದಿರಿ.

ರೈತ: ಗುಡ್ಡದ ನೀರು ಅದರಲ್ಲಿಯೇ ಇಳಿದು ಊರ ಕೆರೆಗೆ ಹೋಗುತ್ತಿತ್ತು. ಅಪ್ಪ ಮೊದಲ ಬೋರು ತೆಗೆಸಿದ ವರ್ಷ, ಇನ್ನು ಕೆರೆಯ ಹಂಗೇಕೆಂದು, ಹಳ್ಳಕ್ಕೆ ಮಣ್ಣು ತುಂಬಿಸಿ ಎಂಟು ತೆಂಗಿನ ಸಸಿ ಹಾಕಿಸಿದರು. ಮೇಲಿನ ತೋಟದವರು ಅದನ್ನು ನೋಡಿ ಅವರೂ ಮುಚ್ಚಿದರು. ಕೆರೆ ತುಂಬದಿರುವುದಕ್ಕೆ ಮಳೆ ಕಾರಣವೆಂದು ನಾವೆಲ್ಲ ಹೇಳುತ್ತ ಬಂದೆವು. ಮೂರು ವರ್ಷಗಳ ಹಿಂದೆ ಒಂದೇ ರಾತ್ರಿ ಜೋರು ಮಳೆ ಬಂದಾಗ ನೀರು ಹಳ್ಳ ಹುಡುಕಿಕೊಂಡು ತೋಟಕ್ಕೇ ನುಗ್ಗಿತು. ಬದು ಕೊಚ್ಚಿಕೊಂಡು ರಸ್ತೆಗೆ ಹೋಯಿತು. ಕೆರೆಗೆ ಮಾತ್ರ ಒಂದು ಬೊಗಸೆಯೂ ಸೇರಲಿಲ್ಲ. ಅಂದು ರಾತ್ರಿ ಟಾರ್ಚು ಹಿಡಿದು ನಿಂತಿದ್ದಾಗ ನನಗೆ ವಿಷಯ ತಿಳಿಯದಿರಲಿಲ್ಲ. ಬೆಳಗಾದ ಮೇಲೆ ಮರೆತುಬಿಟ್ಟೆ.

ಮೇಷ್ಟರು: ಏನು ಮಾಡೆಂದು ನಾನು ಹೇಳಲಾರೆ. ನೀಲಗಿರಿ ನೆಡಿಸಿದವನ ಮಾತಿಗೆ ಬೆಲೆಯೆಷ್ಟು?

ರೈತ: ನೀವು ಹೇಳಬೇಕಾಗಿಲ್ಲ. ಲೆಕ್ಕ ಹಾಕುತ್ತಿದ್ದೇನೆ. ಎಂಟು ಮರಗಳಲ್ಲಿ ಮೂರರ ಸುಳಿ ಹೇಗೂ ಹೋಗಿದೆ. ಹಳ್ಳ ಬಿಡಿಸಿದರೂ ಮೇಲಿನ ತೋಟದವನು ಬಿಡಿಸದಿದ್ದರೆ ನೀರು ಬಾರದು. ಅವನೊಡನೆ ಮಾತು ಬಿಟ್ಟು ಆರು ವರ್ಷವಾಯಿತು, ಒಂದು ಬದುವಿನ ಜಗಳ. ಮೊದಲು ಅವನ ಮನೆಗೆ ಹೋಗಬೇಕು.

ಮೇಷ್ಟರು: ಬೋರು ತೆಗೆಸುವುದಕ್ಕಿಂತ ಕಷ್ಟದ ಕೆಲಸ.

ರೈತ: ಸಾವಿರದ ನೂರಡಿಗಿಂತ ಆಳ, ಮೇಷ್ಟರೆ.

ಮೇಷ್ಟರು: ಉಳಿದ ಐದು ಮರ?

ರೈತ: (ಎದ್ದು ಪಂಚೆಯ ಮಣ್ಣನ್ನು ಕೊಡವಿಕೊಳ್ಳುತ್ತ) ಅವು ಇನ್ನೂ ಹೊಂಬಾಳೆ ಒಡೆಯುತ್ತಿವೆ. ಅವುಗಳ ವಿಷಯವನ್ನು ಮನೆಯಲ್ಲಿ ಕೇಳಬೇಕು. ಬನ್ನಿ, ಬೇಲೂರಿನ ಬಸ್ಸು ಬಂತು.